ಎಳಿ ಹರದೈತಿ, ಬರ್ರಿ!

ನನ್ನ ಸೋದರತ್ತೆಯನ್ನು ವೃದ್ಧಾಶ್ರಮಕ್ಕೆ ಸೇರಿಸಿದ ಮೇಲೆ ಅಲ್ಲಿಯ ಮ್ಯಾನೇಜರ್‌ಗೆ ವಯಸ್ಸಾಗತೊಡಗಿತು! ಸುಳ್ಳೆನಿಸಿದರೆ ಗಡಹಿಂಗ್ಲಜಕ್ಕೆ ಹೋಗಿ ಅವರ ತಲೆ ನೋಡಿ ಬನ್ನಿ. ಕರಿ ಕೂದಲು ಹುಡುಕಬೇಕು.

ಅತ್ತೆ ಇಚಲಕರಂಜಿಯಲ್ಲಿ ಗಂಡನ ಜೊತೆ ಪವರ್‌ಲೂಮ್ ನಡೆಸಿದವಳು. ಗಂಡ ತೀರಿದ, ಮಕ್ಕಳಿಲ್ಲ, ಅದರ ಮೇಲೆ ಸೊಂಟವೂ ಮುರಿಯಿತು. ಕಾಗಲದಲ್ಲಿ ನಮ್ಮದು ಮಹಡಿ ಮೇಲಿನ ಮನೆ, ಮೆಟ್ಟಿಲು ಹತ್ತಲಾರಳು. "ಕೆಳಗ ಒಂದ ಖೋಲಿ ಸಿಗೂತನಕಾ ಇಲ್ಲಿ ಇರು ಅತ್ತಿ" ಎಂದು ಬಿಟ್ಟು ಬಂದಿದ್ದೆ.

ಮಗ್ಗದವರಿಗೊಂದು ಗೀಳು. ಸದ್ದಿದ್ದರೆ ನೆಮ್ಮದಿ, ಸದ್ದು ನಿಂತರೆ ಎಲ್ಲೋ ಎಳೆ ಹರಿಯಿತೆಂದು ಓಡುತ್ತಾರೆ. ಅತ್ತೆ ಈ ಶಾಸ್ತ್ರವನ್ನು ಆಶ್ರಮಕ್ಕೂ ಹಚ್ಚಿದಳು. ಯಾರಾದರೂ ಕೆಮ್ಮದೆ, ನರಳದೆ, ಸೊಸೆಯನ್ನು ಬೈಯದೆ ಸುಮ್ಮನಾದರೋ, ಊಟದ ತಾಟು ಬಡಿದು "ಎಳಿ ಹರದೈತಿ, ಬರ್ರಿ!" ಪಾಪ, ಕಣ್ಣು ಮುಚ್ಚಿದವರೂ ದಡಬಡಿಸಿ ಎದ್ದು "ಇದ್ದೇನ್ರಿ, ಇದ್ದೇನಿ!" ಎಂದು ಹಾಜರಿ ಕೊಡಬೇಕು!

ಮ್ಯಾನೇಜರ್ ಫೋನ್ ಮಾಡಿದರು: "ಆ ತಾಟ ಒಯ್ಯರಿ." ಪ್ಲಾಸ್ಟಿಕ್ ತಾಟು ಕೊಟ್ಟು ಬಂದೆ. ಅತ್ತೆ ಊರುಗೋಲಿನಿಂದ ಕಬ್ಬಿಣದ ಮಂಚ ಬಡಿಯತೊಡಗಿದಳು. ಮತ್ತೆ ಫೋನ್: "ಸ್ಟೀಲಿಂದ ಬರೋಬರ ಇತ್ತು, ವಾಪಸ್ ತಂದ ಕೊಡ್ರಿ!"

ಮುದುಕರನ್ನು ನೋಡಿಕೊಳ್ಳುವ ಮಾವಶಿಗಳು ಮೊದಲು ನಾಲ್ಕೈದು ಜನರಿದ್ದರು. ಒಬ್ಬೊಬ್ಬರೇ ಬಿಟ್ಟು ಹೋದರು. ಹೊಸಬರನ್ನು ಯಾರೂ ತೆಗೆದುಕೊಳ್ಳಲಿಲ್ಲ. ಈಗ ಇಡೀ ಹಾಲ್‌ಗೆ ಒಬ್ಬಾಕೆ.

"ನಮ್ಮ ಅತ್ತೀದು ಭಾಳ ತ್ರಾಸ ಏನ್ರಿ?" ಎಂದು ಆಕೆಯನ್ನು ಕೇಳಿದೆ.

"ಒದರಲಿ ಬಿಡ್ರಿ. ಒದರಿದ್ರ ಯಾರಿಗೆ ಏನ ಬೇಕಂತ ತಿಳೀತೈತಿ. ಸುಮ್ಮ ಬಿದ್ದವ್ರ ಕಡೆ ಹೋಗಾಕ ನನಗ ಆಗೂದಿಲ್ರಿ ಸಾಹೇಬ್ರ."

ಸುಮ್ಮನೆ ಬಿದ್ದವರ ಕಡೆ ಆಗ ತಿರುಗಿ ನೋಡಿದೆ. ಹಾಸಿಗೆ ಒದ್ದೆ, ತುಟಿ ಒಣಗಿದ್ದವು. ತುಂಬಿದ ನೀರಿನ ಲೋಟ ಕೈಗೆಟುಕದಷ್ಟು ದೂರ. ಅತ್ತೆಯ ಹುಚ್ಚಿಗೆ ಅಷ್ಟು ದಿನ ನಕ್ಕವನು ಆ ಲೋಟ ಹತ್ತಿರ ಸರಿಸಿಟ್ಟೆ.

ಮೊನ್ನೆ ಕಾಗಲದಲ್ಲಿ ಕೆಳಗಿನ ಖೋಲಿ ಸಿಕ್ಕಿತು. ಖುಷಿಯಿಂದ ಬಾಡಿಗೆ ಗಾಡಿ ಮಾಡಿಕೊಂಡು ಹೋದೆ. "ನಡಿ ಅತ್ತಿ, ಮನೀಗೆ!"

ಅತ್ತೆ ಏಳಲಿಲ್ಲ. ಅವಳ ಎಡಗೈಗೆ ಒಂದು ದಾರ ಕಟ್ಟಿತ್ತು. ಅದರ ಇನ್ನೊಂದು ತುದಿ ಪಕ್ಕದ ಮಂಚದಲ್ಲಿದ್ದ ಉದಗಾಂವದ ಅಜ್ಜಿಯ ಬೆರಳಲ್ಲಿತ್ತು. ಲಕ್ವಾ ಹೊಡೆದು ಆ ಅಜ್ಜಿಯ ಮಾತು ನಿಂತಿದೆ.

"ನೀರ ಬೇಕಾದ್ರ ಈಕಿ ಎಳೀತಾಳ, ನಾ ಒದರತೇನಿ," ಎಂದಳು ಅತ್ತೆ.

"ಮಾವಶಿಗೆ ಹೇಳಿ ಹೋಗೂಣು."

"ಆಕಿಗೂ ಎರಡೇ ಕೈ ಅಲ್ಲೇನೋ. ನಾ ಬಂದ್ರ ಈ ತುದಿ ಯಾರ ಕೈಗೆ ಕಟ್ಟಲೋ ತಮ್ಮಾ?"

ಅಷ್ಟರಲ್ಲಿ ದಾರ ಜಗ್ಗಿತು. ಅತ್ತೆ ಕೂಗಿದಳು. ಯಾರೂ ಬರಲಿಲ್ಲ. ನಾನೇ ಅಜ್ಜಿಯ ತಲೆ ಎತ್ತಿ ಹಿಡಿದು ನೀರು ಕುಡಿಸಿದೆ. ಅವಳು ಕುಡಿದ ಬಗೆ ನೋಡಿ ನನಗೆ ಅಳು ಬಂತು.

ಹೊರಗೆ ಗಾಡಿಯವನು ಹಾರ್ನ್ ಹೊಡೆಯುತ್ತಿದ್ದ. ಅತ್ತೆ ಒಂದೇ ಕೈಯಲ್ಲಿ ಹಾಕಿಕೊಂಡಿದ್ದ ದಾರದ ಗಂಟು ಸಡಿಲಾಗಿತ್ತು. ಬಿಚ್ಚಲು ಮನಸ್ಸಾಗಲಿಲ್ಲ, ಬಿಗಿಯಾಗಿ ಕಟ್ಟಿ ಒಬ್ಬನೇ ಬಂದೆ.