ಭಾವ ಕೊಟ್ಟ ಮಜ್ಜಿಗೆ

ಕೊಲೆ ಮಾಡಿದವರು ಯಾರೆಂದು ಪತ್ತೆ ಹಚ್ಚುವುದರಲ್ಲಿ ನನಗೆ ನನ್ನ ಮೇಲೆ ಅಪಾರ ವಿಶ್ವಾಸವಿತ್ತು. ದಾವಣಗೆರೆಯಲ್ಲಿ ನನ್ನದೊಂದು ಬಟ್ಟೆ ಅಂಗಡಿ. ಗಿರಾಕಿಗಳಿಲ್ಲದ ಮಧ್ಯಾಹ್ನ ಗಲ್ಲಾದ ಹಿಂದೆ ಕೂತು ನಾನು ಓದುವುದು ಒಂದೇ ಬಗೆಯ ಕಾದಂಬರಿ. ಯಾವುದೋ ಇಲ್ಲದ ರಾಜ್ಯ, ಅಲ್ಲೊಂದು ಕೊಲೆ. ಕೊಂದದ್ದು ಕತ್ತಿಯಲ್ಲ, ಎಲ್ಲೂ ಕಾಣದ ಹುಳವೋ ಬಳ್ಳಿಯೋ! ಆಗ ಓದುತ್ತಿದ್ದ ದಪ್ಪ ಪುಸ್ತಕದಲ್ಲಿ ಅರಮನೆಯವರು ಒಬ್ಬೊಬ್ಬರಾಗಿ ಸಾಯುತ್ತಿದ್ದರು. ಸಾಯುವ ಮುಂಚೆ ಅವರ ಬೆವರು ನೀಲಿಯಾಗುತ್ತಿತ್ತು. ಒಬ್ಬ ಮುದುಕಿ ತಾನು ಸಾಕಿದ ಜಿಗಣೆಗಳಿಗೆ ಹೆಣದ ರಕ್ತ ಕುಡಿಸಿ, ಅವುಗಳ ಬಣ್ಣ ನೋಡಿ ಸತ್ತವರಿಗೆ ಏನು ತಿನ್ನಿಸಿದ್ದರು ಎಂದು ಹೇಳುತ್ತಿದ್ದಳು. ಎಂಥ ನೆಮ್ಮದಿಯ ಓದು!

ನನ್ನ ಹೆಂಡತಿ ಗಿರಿಜಾಗೆ ಮಾತ್ರ ಇದು ಸೇರದು. "ಊಟಕ್ಕೆ ಕುಂತಾಗ ಜಿಗಣೆ ಸುದ್ದಿ ಬ್ಯಾಡ್ರಿ" ಎನ್ನುತ್ತಾಳೆ.

ಆ ಭಾನುವಾರ ನಾವಿಬ್ಬರೂ ಹರಿಹರದ ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದೆವು. ಅದು ಸಾಮಾನ್ಯ ಊಟವಲ್ಲ. ನಮ್ಮ ಗೃಹಪ್ರವೇಶದ ಕಾರ್ಡಿನಲ್ಲಿ ಭಾವನ ಹೆಸರು ಬಿಟ್ಟುಹೋದಾಗಿನಿಂದ ಅವರು ನನ್ನೊಡನೆ ಮಾತು ಬಿಟ್ಟಿದ್ದರು. ಅಕ್ಕ ಹೇಗೋ ಅವರನ್ನು ಒಪ್ಪಿಸಿ ನಮ್ಮನ್ನು ಕರೆಸಿದ್ದಳು. ರೊಟ್ಟಿ, ಬೀಟ್ರೂಟ್ ಪಲ್ಯ, ಶೇಂಗಾ ಚಟ್ನಿ. ಕೊನೆಗೆ ಭಾವನೇ ಎದ್ದು ಹೋಗಿ ಬೆಳ್ಳಿ ಲೋಟದಲ್ಲಿ ನನಗೊಬ್ಬನಿಗೇ ಮಜ್ಜಿಗೆ ತಂದುಕೊಟ್ಟರು.

"ಕುಡಿಯಪ್ಪಾ, ಹೊಟ್ಟೆ ತಣ್ಣಗಾಗ್ಲಿ" ಎಂದರು. ನನ್ನ ಕಣ್ಣು ತುಂಬಿ ಬಂತು. ಅಕ್ಕನ ಕಣ್ಣೂ.

ಮರುದಿನ ಬೆಳಿಗ್ಗೆ ಬಚ್ಚಲಿನಲ್ಲಿ ನನ್ನ ದೇಹವು ಕೆಂಪು ಬಣ್ಣದ ಒಂದು ಸಾಕ್ಷ್ಯವನ್ನು ಹೊರಹಾಕಿತು!

ಬೇರೆಯವರಾಗಿದ್ದರೆ ಕೂಗಿಕೊಳ್ಳುತ್ತಿದ್ದರು. ನಾನು ಶಾಂತವಾಗಿ ತನಿಖೆ ಆರಂಭಿಸಿದೆ. "ಗಿರಿಜಾ, ನಿನಗೇನಾದ್ರೂ ಕೆಂಪಗೆ ಹೋಯ್ತಾ?"

"ಥೂ! ಎದ್ದ ಕೂಡ್ಲೇ ಎಂಥಾ ಮಾತ್ರೀ? ಇಲ್ಲ."

ರೊಟ್ಟಿ, ಪಲ್ಯ, ಚಟ್ನಿಯನ್ನು ಅವಳೂ ತಿಂದಿದ್ದಳು. ಆದ್ದರಿಂದ ಅವು ನಿರಪರಾಧಿಗಳು. ನಾನೊಬ್ಬನೇ ಸೇವಿಸಿದ್ದು ಯಾವುದು? ಮಜ್ಜಿಗೆ! ಕೊಟ್ಟವರು ಯಾರು? ಹಳೆಯ ಸಿಟ್ಟಿದ್ದವರು! ಆ ಮುದುಕಿಗೂ ಇಷ್ಟು ಬೇಗ ಹೊಳೆಯುತ್ತಿರಲಿಲ್ಲ.

"ಹುಚ್ಚು ಹಿಡಿದೈತೇನ್ರಿ ನಿಮಗೆ? ಮೊದ್ಲು ಡಾಕ್ಟ್ರ ಹತ್ರ ನಡೀರಿ" ಎಂದು ಗಿರಿಜಾ ಕೈಹಿಡಿಯುವಷ್ಟರಲ್ಲಿ ನಾನು ಫೋನ್ ಮಾಡಿಬಿಟ್ಟಿದ್ದೆ.

"ಭಾವ, ನಿನ್ನೆ ಮಜ್ಜಿಗೆಗೆ ಏನು ಹಾಕಿದ್ರಿ?"

"ಉಪ್ಪು, ಜೀರಿಗೆ. ಯಾಕ?"

"ಅಷ್ಟೇನಾ? ನೆನಪು ಮಾಡ್ಕೊಂಡು ಹೇಳ್ರಿ. ನನಗೆ ಬೆಳಿಗ್ಗೆಯಿಂದ ಕೆಂಪಗೆ ಹೋಗ್ತಾ ಐತೆ. ನಿಜ ಹೇಳಿದ್ರೆ ಪೊಲೀಸ್ನೋರ ಹತ್ರ ಹೋಗಲ್ಲ."

ಆ ಕಡೆಯಿಂದ ಫೋನ್ ಕಟ್ಟಾಯಿತು. ಅಪರಾಧಿಗಳು ಮಾಡುವುದೇ ಹೀಗೆ!

ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಯ ಹತ್ತಿರವೇ ಒಬ್ಬ ಲೇಡಿ ಡಾಕ್ಟರ ಕ್ಲಿನಿಕ್ಕಿದೆ. ಮೂತ್ರ ಪರೀಕ್ಷೆಗೆ ಕೊಟ್ಟು ಹೊರಗೆ ಬೆಂಚಿನ ಮೇಲೆ ಕೂತೆ. ಡಾಕ್ಟರಿಗೆ ಅನುಕೂಲವಾಗಲೆಂದು ಕಾದಂಬರಿಯನ್ನೂ ತಂದಿದ್ದೆ. ನನ್ನ ನಂತರ ಅಂಗಡಿ ಯಾರು ನೋಡಿಕೊಳ್ಳುತ್ತಾರೆ ಎಂದು ಯೋಚಿಸುತ್ತಿದ್ದಾಗ ನಾನು ಕ್ಲಿನಿಕ್ಕಿನಲ್ಲಿದ್ದೇನೆಂದು ಗಿರಿಜಾಳಿಂದ ತಿಳಿದು ಅಕ್ಕ, ಭಾವ ಬಂದೇಬಿಟ್ಟರು. ಅಕ್ಕ ಅಳುತ್ತಿದ್ದಳು. ಭಾವನ ಕೈಯಲ್ಲಿ ಸ್ಟೀಲಿನ ಕ್ಯಾನಿತ್ತು.

"ಇದು ನಿನ್ನೇದೇ ಮಜ್ಜಿಗೆ. ಎಲ್ರೂ ನೋಡ್ರಿ" ಎಂದವರೇ ಅಷ್ಟೂ ಪೇಷೆಂಟುಗಳ ಎದುರು ಗಟಗಟ ಕುಡಿದರು. ಹುಳಿಗೆ ಮುಖ ಕಿವುಚಿದರೂ ತೊಟ್ಟು ಉಳಿಸಲಿಲ್ಲ.

ಅಷ್ಟರಲ್ಲಿ ಡಾಕ್ಟರ್ ರಿಪೋರ್ಟ್ ಹಿಡಿದು ಹೊರಗೆ ಬಂದರು. "ರಕ್ತ ಏನಿಲ್ಲ ರೀ. ನಿನ್ನೆ ಬೀಟ್ರೂಟ್ ತಿಂದಿದ್ರಾ?"

"ತಿಂದೆ. ಆದ್ರೆ ಎಲ್ರೂ ತಿಂದಿದ್ದಾರಲ್ರೀ!"

"ಎಲ್ರಿಗೂ ಹಿಂಗಾಗಲ್ಲ. ಕೆಲವ್ರ ಮೈಯೇ ಹಂಗೆ. ನಾಳೆ ಹೊತ್ತಿಗೆ ಸರಿಹೋಗುತ್ತೆ."

"ಪಲ್ಯ ಮತ್ತೆ ಮತ್ತೆ ಹಾಕಿಸ್ಕೊಂಡ ಕಣ್ರೀ" ಎಂದಳು ಅಕ್ಕ, ಕಣ್ಣೊರೆಸಿಕೊಳ್ಳುತ್ತಾ.

ಕ್ಲಿನಿಕ್ಕಿಗೆ ಕ್ಲಿನಿಕ್ಕೇ ನಕ್ಕಿತು. ಜ್ವರ ಬಂದು ಮಲಗಿದ್ದವರೊಬ್ಬರು ನಗಲೆಂದೇ ಎದ್ದು ಕೂತರು. ಭಾವ ಮಾತ್ರ ನಗಲಿಲ್ಲ. ನಾನು ಬಗ್ಗಿ ಅವರ ಕಾಲು ಮುಟ್ಟಿದೆ. ಅವರು ನನ್ನ ಕಂಕುಳಲ್ಲಿದ್ದ ಪುಸ್ತಕವನ್ನು ಎಳೆದುಕೊಂಡರು. "ನಿನ್ನ ತಲೆ ಕೆಡಿಸಿದ್ದು ಇದೇ ತಾನೆ? ಏನೈತೆ ಇದ್ರಾಗ ನೋಡ್ತೀನಿ" ಎಂದು ಹೊರಟೇಹೋದರು.

ಮತ್ತೆ ಮಾತು ಬಿಟ್ಟರು ಎಂದುಕೊಂಡೆ. ಆದರೆ ಆ ವಾರದ ಕೊನೆಗೆ ಅವರಿಂದಲೇ ಫೋನ್ ಬಂತು.

"ಓದಿ ಮುಗಿಸ್ದೆ. ಚೆನ್ನಾಗೈತೆ ಕಣೋ! ನಿನಗೆ ಯಾರ ಮೇಲೆ ಅನುಮಾನ ಇತ್ತು?"

ಸಂತೋಷದಲ್ಲಿ ನಾಲಿಗೆ ಜಾರಿತು. "ರಾಜನ ಭಾವನ ಮೇಲೆ!"

"ಅವನಲ್ಲ. ಕೊಂದಿದ್ದು ಆ ಜಿಗಣೆ ಮುದುಕೀನೇ. ಭಾವ ಪಾಪ ರಾಜನ ಜೀವ ಉಳಿಸ್ತಾನೆ" ಎಂದು ಫೋನ್ ಇಟ್ಟರು.

ಅರ್ಧ ಓದಿದ ಪುಸ್ತಕ ಇನ್ನೂ ಹರಿಹರದಲ್ಲೇ ಇದೆ. ಕೇಳುವ ಮುಖ ನನಗಿಲ್ಲ, ಓದುವುದಕ್ಕೆ ಅದರಲ್ಲಿ ಏನೂ ಉಳಿದಿಲ್ಲ.