ಛಲೋ ಮನಸಿನ ಸಾವಕಾರ್ರ ಶುಗರ್

ಘಟಪ್ರಭಾದ ಒಂದು ದವಾಖಾನ್ಯಾಗ ನಾ ನರ್ಸ್. ಶುಗರ್ ಇದ್ದವರ ಮಾತ ಕೇಳಿದ್ರ ದಿನಾ ನಗಿನೂ ಬರ್ತೈತಿ, ಸಿಟ್ಟೂ ಬರ್ತೈತಿ. ಖರೆ ಹೇಳಬೇಕಂದ್ರ ಸಿಟ್ಟ ಜಾಸ್ತಿ. ಮೂಡಲಗಿಯ ಬೆಲ್ಲದ ಸಾವಕಾರ್ರೊಬ್ಬರಂತೂ ನನ್ನ ತಲಿ ತಿಂದಾರ.

೧. ನನಗೇನೂ ಆಗಂಗಿಲ್ಲ

ಸಾವಕಾರ್ರು ಮೊದಲ ಸಲ ಹೆಂಡತಿ ಜೋಡಿ ಬಂದಾಗ ಕಾಲಬೆರಳಿನ ಗಾಯ ಮಾಯವಲ್ದಾಗಿತ್ತು. "ಶುಗರ್ ಇಳೀಲಿಲ್ಲಂದ್ರ ಬೆರಳ ತಗೀಬೇಕಾಗ್ತೈತಿ" ಅಂದ್ರು ಡಾಕ್ಟರ್. ಸಾವಕಾರ್ತಿ ಕಣ್ಣಾಗ ನೀರು. ಇವರು ನಕ್ಕೋತ, "ಮನಸ ಛಲೋ ಇದ್ರ ಮೈ ತಾನ ಛಲೋ ಇರ್ತೈತ್ರಿ" ಅಂದ್ರು.

ಹೊರಗ ಬಂದ ಕೂಡ್ಲೇ ಕಿಸೆದಾಗಿಂದ ಕರದಂಟ ತಗದು ಬಾಯಿಗೆ ಹಾಕ್ಕೊಂಡ್ರು.

"ಏನ್ರಿ ಇದು?" ಅಂತ ಬೈದೆ.

"ಡಾಕ್ಟರ್ ಸಕ್ರಿ ಬ್ಯಾಡ ಅಂದಾರ ನರ್ಸ್ ಬಾಯಾರ. ಇದು ಬೆಲ್ಲದ್ದು. ಬೆಲ್ಲದ ಹೆಸರ ಎಲ್ಲಿ ತಗೊಂಡಾರ?"

ಬೆಲ್ಲಾ ಮಾರಾವ ಬೆಲ್ಲದ ಮ್ಯಾಲ ತಪ್ಪ ಹೊರಸ್ತಾನೇನು!

೨. ಹೋಳಿಗಿಗೆ ಕೈ ಮುಗದದ್ದು

ನಮ್ಮಲ್ಲಿ ಶುಗರ್ ಶಿಬಿರ ಆತು. ಹುಕ್ಕೇರಿ ಕಡೆಯವರೊಬ್ಬರು ಭಾಷಣಾ ಮಾಡಿದ್ರು: "ಆಶಾವಾದಿಗಳಾಗಿರಿ. ಅಂಥವರು ತಮ್ಮ ಮೈ ಬಗ್ಗೆ ಕಾಳಜಿ ಮಾಡ್ತಾರೆ. ಕಾಯಿಪಲ್ಯೆ ತಿಂತಾರೆ, ನಡೀತಾರೆ, ಶುಗರ್ ಹತೋಟಿಯಲ್ಲಿರ್ತದೆ. ಉಣ್ಣುವ ಮುಂಚೆ ಅನ್ನಕ್ಕೆ ಕೃತಜ್ಞತೆ ಹೇಳಿ."

ಮಾತು ತಪ್ಪಲ್ಲ. ಆದ್ರ ನಮ್ಮ ಸಾವಕಾರ್ರು ಅದರಾಗಿನ ಕಾಯಿಪಲ್ಯೆ ಅಲ್ಲೇ ಬಿಟ್ಟು, ಕೃತಜ್ಞತೆ ಅಷ್ಟ ಕಟಗೊಂಡ ಹೋದ್ರು.

ಮುಂದ ಸಾವಕಾರ್ತಿನ ಕೇಳಿದೆ, "ಹೆಂಗ ನಡದೈತ್ರಿ?"

"ಒಂದೊಂದ ಹೋಳಿಗಿಗೂ ಬ್ಯಾರೆ ಬ್ಯಾರೆ ಕೈ ಮುಗೀತಾರ್ರಿ. ಮೆಂತೆಪಲ್ಯೆದ್ದು ಮಾತ್ರ ಅವರ ಮ್ಯಾಲ ಏನೂ ಉಪಕಾರ ಇಲ್ಲಂತ."

೩. ಮನ್ಯಾಗ ಪಥ್ಯ

ಮುಂದಿನ ಸಲ ನೋಡಿದ್ರ ಶುಗರ್ ಮತ್ತಿಷ್ಟ ಏರಿತ್ತು. ಡಾಕ್ಟರ್ ಸಿಟ್ಟಿಗೆದ್ರು. ಸಾವಕಾರ್ರು ಎದಿ ಉಬ್ಬಿಸಿ, "ಮನ್ಯಾಗ ಕಟ್ಟುನಿಟ್ಟ ಪಥ್ಯ ನಡದೈತ್ರಿ!" ಅಂದ್ರು.

"ಏನೇನ್ರಿ ಪಥ್ಯ?"

ಸಾವಕಾರ್ತಿ ಹೇಳಿದ್ರು: "ಒಣಾ ರೊಟ್ಟಿ, ಮೆಂತೆಪಲ್ಯೆ, ನೀರಮಜ್ಜಿಗಿ. ಮುಂಜಾನೆದ್ದು ನಡಿಯೂದು."

ಡಾಕ್ಟರ್ ಸಾವಕಾರ್ತಿನ್ನ ನೋಡಿದ್ರು. ಸೊರಗಿ ಕಡ್ಡಿ ಆಗಿದ್ರು ಪಾಪ. "ತಿನ್ನಾವರು ಯಾರ್ರಿ?"

"ನಾನ್ರಿ. ಗಂಡನ ಸಲುವಾಗಿ ಸೋಮವಾರ ಉಪಾಸ ಮಾಡ್ತೀವಲ್ರಿ, ಹಂಗ. ಅವರಿಗೆ ಬಾಯಿ ಕಟ್ಟಾಕ ಆಗಂಗಿಲ್ಲಂದ್ರು. ಅವರ ಪಥ್ಯ ನಾ ಹಿಡದೇನಿ."

ಸಾವಕಾರ್ರು ಹಲ್ಲ ಕಿಸದ್ರು: "ನಂಬಿಕಿ ಇರಬೇಕ್ರಿ. ಆಕಿ ಮಾಡಿದ್ದು ನನಗ ಮುಟ್ಟೇ ಮುಟ್ಟತೈತಿ."

ನನಗ ಮೈಯೆಲ್ಲಾ ಉರೀತು. ಎಂಥಾ ನಾಚಿಗಿಗೇಡಿ ಆಶಾವಾದ ಇದು! ಡಾಕ್ಟರ್ ಕಡೀ ಮಾತ ಹೇಳಿದ್ರು, "ಮುಂದಿನ ಸಲಾನೂ ಹಿಂಗ ಇದ್ರ ಬೆರಳ ತಗಿಯೂದ."

ಸಾವಕಾರ್ತಿ ಸೆರಗಿನಿಂದ ಕಣ್ಣ ಒರಸ್ಕೊಂಡ್ರು. ಆಮ್ಯಾಲ ಗಂಡನ ಕಡೆ ತಿರಗಿ, "ನಾ ಮಾಡಿದ ಪಥ್ಯ ನಿಮಗ ಮುಟ್ಟತೈತಿ ಅಂತ ಖರೇನ ನಂಬಿಕಿ ಐತಲ್ರಿ?" ಅಂದ್ರು.

"ಐತಿ ಮತ್ತ!"

"ಹಂಗಾರ ನಾ ತಿಂದ ಹೋಳಿಗಿನೂ ಮುಟ್ಟತೈತಿ. ಇವತ್ತಿಂದ ನಿಮ್ಮ ಪಾಲಿಂದು ನಾ ತಿಂತೀನಿ. ನೀವು ಬಾಜೂಕ ಕುಂತು ಮೆಂತೆಪಲ್ಯೆ ತಿನ್ಕೋತ ಕೈ ಮುಗೀರಿ."

ಶುಗರ್ ಇಳೀತು, ಬೆರಳ ಉಳೀತು. ಸಾವಕಾರ್ರು ಈಗ, "ಎಲ್ಲಾ ನನ್ನ ಛಲೋ ಮನಸಿನ ಗುಣಾ" ಅಂತ ಮೂಡಲಗಿ ತುಂಬ ಹೇಳ್ಕೋತ ತಿರಗ್ಯಾಡತಾರ. ಸಾವಕಾರ್ತಿ ಬಾಜೂಕ ಹೋಳಿಗಿ ಮುರಕೋತ, "ಹೌದ್ರಿ" ಅಂತಾರ.