ಗುಲಾಬಿ ಕಪ್ಪೆಯ ಮೇಲ್ಮನವಿ

ಚಾಕ್‌ಪೀಸ್ ತರಲು ಹೋಗುವಾಗ ಗಣಿತದ ಮೇಷ್ಟ್ರು ತಮ್ಮ ಚೀಲವನ್ನು ಮೇಜಿನ ಮೇಲೆ ಇಟ್ಟಿದ್ದರೆ ಈ ಕತೆ ಹುಟ್ಟುತ್ತಲೇ ಇರಲಿಲ್ಲ. ಅವರು ಇಟ್ಟದ್ದು ಏಳನೇ ತರಗತಿಯ ಮುಂದಿನ ಬೆಂಚಿನ ಮೇಲೆ. ಅವರು ಆ ಬಾಗಿಲಿನಿಂದ ಹೊರಗೆ ಹೋದರು, ಈ ಬಾಗಿಲಿನಿಂದ ಡ್ರಿಲ್ ಮೇಷ್ಟ್ರು ಒಳಗೆ ಬಂದರು.

ಡ್ರಿಲ್ ಮೇಷ್ಟ್ರಿಗೆ ಅಂದು ಮಕ್ಕಳ ಚೀಲ ತಪಾಸಣೆಯ ಕೆಲಸ. ಬೆಕ್ಕು ಹಾಲಿನ ಪಾತ್ರೆಯ ಮುಚ್ಚಳ ಸರಿಸುವಷ್ಟು ಶ್ರದ್ಧೆಯಿಂದ ಅವರು ಒಂದೊಂದೇ ಚೀಲ ಬಿಚ್ಚಿದರು. ಮೊದಲ ಚೀಲದಲ್ಲೇ ಒಂದು ವಿಡಿಯೋ ಗೇಮ್ ಸಿಕ್ಕಿತು. ಗುಂಡಿ ಒತ್ತಿದರೆ ಪರದೆಯ ಮೇಲೆ ಒಂದು ಗುಲಾಬಿ ಬಣ್ಣದ ಕಪ್ಪೆ, ಹಳದಿ ಕೊಡೆ ಹಿಡಿದುಕೊಂಡು, ನಗುವ ಮೋಡದ ಮೇಲೆ ಕುಪ್ಪಳಿಸುತ್ತ ಕಣ್ಣು ಮಿಟುಕಿಸಿತು. ಡ್ರಿಲ್ ಮೇಷ್ಟ್ರು ಅದನ್ನು ನೇರ ಕಚೇರಿಗೆ ಒಯ್ದು ಜಪ್ತಿ ಪುಸ್ತಕದಲ್ಲಿ ಬರೆದರು: 'ಆಟದ ಯಂತ್ರ ಒಂದು. ಒಳಗೆ ಕಪ್ಪೆ, ಕೊಡೆ ಸಮೇತ. ಮಕ್ಕಳ ಆಟಿಕೆ.'

ಹತ್ತು ನಿಮಿಷದಲ್ಲಿ ಗಣಿತದ ಮೇಷ್ಟ್ರು ಏದುಸಿರು ಬಿಡುತ್ತ ಕಚೇರಿಗೆ ಬಂದು, ಅದು ತಮ್ಮದು ಎಂದರು. ಗುಮಾಸ್ತರು ಕನ್ನಡಕ ಮೇಲಕ್ಕೆತ್ತಿ ನೋಡಿದರು. ವಾರಸುದಾರರ ಹೆಸರಿನ ಮುಂದೆ ತರಗತಿ ಬರೆಯುವ ಜಾಗವಿತ್ತು. ಅಲ್ಲಿ ಏನು ಬರೆಯಲಿ ಎಂದು ಅವರು ಬಹಳ ಗಂಭೀರವಾಗಿಯೇ ಕೇಳಿದರು.

ಮುಖ್ಯೋಪಾಧ್ಯಾಯಿನಿ ಕೆಟ್ಟವರಲ್ಲ. ಮುಖ ಮಾತ್ರ ಪರೀಕ್ಷೆಯ ಬೆಳಗಿನಂತಿರುತ್ತಿತ್ತು. ಅವರು ಮೇಷ್ಟ್ರನ್ನು ಕೂರಿಸಿ, ಒಂದು ಅಚ್ಚಾದ ಚೀಟಿಯನ್ನು ಮುಂದಕ್ಕೆ ತಳ್ಳಿದರು. ಮಕ್ಕಳ ಆಟಿಕೆಯಾದರೆ ಪೋಷಕರ ಸಹಿ ಪಡೆದು ಅದೇ ದಿನ ಸಂಜೆ ಹಿಂತಿರುಗಿಸುವುದು ಶಾಲೆಯ ಕ್ರಮ.

"ಪೋಷಕರು ಅಂತ ನೀವೇ ಒಂದು ಸಹಿ ಹಾಕಿಬಿಡಿ ಮೇಷ್ಟ್ರೇ. ಸಂಜೆ ಗಂಟೆ ಹೊಡೆದ ಮೇಲೆ ತಗೊಂಡು ಹೋಗಿ. ವಿಷಯ ಇಲ್ಲಿಗೆ ಮುಗೀಲಿ."

ಮೇಷ್ಟ್ರು ಪೆನ್ನು ತೆಗೆದರು. ಆ ಆಟ ಸಂಜೆ ಆರಕ್ಕೆ ಮನೆಯಲ್ಲಿ ಇರಲೇಬೇಕಿತ್ತು. ಅವರ ಹೆಂಡತಿ ಜ್ವರದ ವಾರ್ಡಿನಲ್ಲಿ ನರ್ಸು. ಪಾಳಿಯ ಲೆಕ್ಕದಲ್ಲಿ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಮನೆಯಲ್ಲಿರುವ ಸಂಜೆ ಹದಿನೈದು ದಿನಕ್ಕೊಂದು. ಆ ಒಂದು ಸಂಜೆ, ಗೇಮಿನ ಎರಡು ತುದಿಯ ಹಿಡಿಗಳನ್ನು ಬಿಚ್ಚಿ ಆಕೆಗೊಂದು ತಮಗೊಂದು ಹಿಡಿದುಕೊಂಡು, ಇಬ್ಬರೂ ಎರಡು ಕಪ್ಪೆಗಳಾಗಿ ಮೋಡ ಹತ್ತುತ್ತಿದ್ದರು. ನಾಲ್ಕು ತಿಂಗಳಿಂದ ಕೊನೆಯ ಕೋಟೆಯ ಬಾಗಿಲಲ್ಲೇ ಸಿಕ್ಕಿಕೊಂಡಿದ್ದರು, ಒಬ್ಬರು ಬಾಗಿಲು ಮುಟ್ಟುವಷ್ಟರಲ್ಲಿ ಇನ್ನೊಬ್ಬರು ಬೀಳುತ್ತಿದ್ದರು. ಇವತ್ತು ಅದನ್ನು ದಾಟಲೇಬೇಕೆಂದು ಆಕೆ ಹೇಳಿ ಹೋಗಿದ್ದಳು. ಶಾಲೆಗೆ ಮಾತ್ರ ಒಯ್ಯಬೇಡಿ ಎಂದೂ ಹೇಳಿದ್ದಳು. ಊಟದ ಬಿಡುವಿನಲ್ಲಿ ಸ್ವಲ್ಪ ಅಭ್ಯಾಸ ಮಾಡಿಕೊಳ್ಳೋಣವೆಂದು ಇವರು ಒಯ್ದಿದ್ದರು.

ಹಾಗಾಗಿ ಸಹಿ ಹಾಕುವುದೇ ಬುದ್ಧಿವಂತಿಕೆ. ಆದರೆ ಚೀಟಿಯಲ್ಲಿದ್ದದ್ದನ್ನು ಓದಿದರು: 'ಇದು ಮಕ್ಕಳ ಆಟಿಕೆಯೆಂದು ಒಪ್ಪುತ್ತೇನೆ.'

ಪೆನ್ನು ಅಲ್ಲೇ ನಿಂತಿತು.

ಅವರ ಕಣ್ಣ ಮುಂದೆ ಹೆಂಡತಿ ಬಂದಳು. ದಿನವಿಡೀ ಯಾರದೋ ಬಿಸಿ ಹಣೆ ಮುಟ್ಟಿ, ಯಾರದೋ ಕಣ್ಣು ಮುಚ್ಚಿಸಿ, ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ, ನಮ್ಮ ಕಪ್ಪೆ ಹೇಗಿದೆ ಎಂದು ಕೇಳುವ ಹೆಂಗಸು. ಇದು ಮಕ್ಕಳ ಆಟವೆಂದು ಸಹಿ ಹಾಕಿದರೆ ಆಕೆಯದೂ ಹುಡುಗಾಟವೆಂದು ಬರೆದುಕೊಟ್ಟಂತೆ. ಗಣಿತದ ಮೇಷ್ಟ್ರು ಹತ್ತೊಂಬತ್ತು ವರ್ಷದಲ್ಲಿ ತಪ್ಪು ಉತ್ತರಕ್ಕೆ ಒಮ್ಮೆಯೂ ಸರಿ ಗುರುತು ಹಾಕಿದವರಲ್ಲ.

"ಇದು ಮಕ್ಕಳ ಆಟಿಕೆ ಅಲ್ಲ ಮೇಡಂ. ಸಹಿ ಹಾಕಲ್ಲ."

"ಗುಲಾಬಿ ಕಪ್ಪೆ ಇದೆಯಲ್ಲ ಮೇಷ್ಟ್ರೇ."

"ಬಣ್ಣ ಇದ್ದ ಮಾತ್ರಕ್ಕೆ ಮಕ್ಕಳದಾಗುತ್ತಾ? ಭೂಪಟದಲ್ಲೂ ಗುಲಾಬಿ ದೇಶ, ಹಳದಿ ದೇಶ ಇವೆ. ಅವಕ್ಕೋಸ್ಕರ ದೊಡ್ಡೋರು ಯುದ್ಧ ಮಾಡ್ತಾರೆ."

ಮುಖ್ಯೋಪಾಧ್ಯಾಯಿನಿ ಗಡಿಯಾರ ನೋಡಿದರು. ಹಾಗಾದರೆ ಊಟದ ಬಿಡುವಿನಲ್ಲಿ ಶಿಕ್ಷಕರ ಕೊಠಡಿಯಲ್ಲಿ, ಗುಮಾಸ್ತರ ಸಮಕ್ಷಮ, ಎಲ್ಲರಿಗೂ ತೋರಿಸಿ. ಮಕ್ಕಳ ಆಟವಲ್ಲವೆಂದು ಇರುವ ಏಳೂ ಜನ ಬರೆದುಕೊಟ್ಟರೆ ಆಮೇಲೆ ನೋಡೋಣ ಎಂದರು. ಒಬ್ಬರು ಬರೆಯದಿದ್ದರೂ ಮೇಷ್ಟ್ರು ಆ ಚೀಟಿಗೆ ಸಹಿ ಹಾಕಬೇಕು. ಮೇಷ್ಟ್ರು ಒಪ್ಪಿದರು. ಒಪ್ಪಿದ್ದಷ್ಟೇ ಅಲ್ಲ, ಹೊರಗೆ ಬರುವಾಗ ಅವರ ನಡಿಗೆಯೇ ಬದಲಾಗಿತ್ತು.

ಅಷ್ಟರಲ್ಲಿ ಸುದ್ದಿ ಕೊಠಡಿಯಿಂದ ಕೊಠಡಿಗೆ ಹರಡಿತ್ತು. ಎಂಟನೇ ತರಗತಿಯಲ್ಲಿ ಅವರು ಸಮೀಕರಣ ಬಿಡಿಸುತ್ತಿದ್ದಾಗ ಹಿಂದಿನ ಬೆಂಚಿನಿಂದ ಸಣ್ಣಗೆ ವಟರ್ ಎಂಬ ಸದ್ದು ಬಂತು. ಮೇಷ್ಟ್ರು ತಿರುಗಿ ನೋಡಲಿಲ್ಲ. ಎಕ್ಸ್‌ನ ಬೆಲೆ ಕಂಡುಹಿಡಿದು ಅಡಿಗೆರೆ ಎಳೆದರು. ಆ ಗೆರೆಯ ಭಾರಕ್ಕೆ ಚಾಕ್‌ಪೀಸ್ ಎರಡು ತುಂಡಾಯಿತು.

ಊಟದ ಬಿಡುವಿಗೆ ಶಿಕ್ಷಕರ ಕೊಠಡಿ ನೆಂಟರಿಳಿದ ಮನೆಯಂತೆ ಗಿಜಿಗುಟ್ಟಿತು. ವಿಜ್ಞಾನದ ಟೀಚರ್ ತಮ್ಮ ಡಬ್ಬಿ ತೆರೆಯದೆ ಮುಂದಿನ ಕುರ್ಚಿ ಹಿಡಿದರು. ಡ್ರಿಲ್ ಮೇಷ್ಟ್ರು ಗೋಡೆಗೊರಗಿ ಕೈ ಕಟ್ಟಿ ನಿಂತು, ತಮ್ಮ ಅಕ್ಕನ ಮಗ ಇಂಥದ್ದನ್ನು ಹಾಲು ಕುಡಿಯುತ್ತಲೇ ಆಡುತ್ತಾನೆಂದು ಹೇಳಿದರು. ಗುಮಾಸ್ತರು ಯಂತ್ರವನ್ನು ಹಾವಿನ ಬುಟ್ಟಿಯಂತೆ ಎರಡು ಕೈಯಲ್ಲಿ ಹಿಡಿದು ತಂದು ಮೇಜಿನ ಮೇಲಿಟ್ಟರು.

ಗಣಿತದ ಮೇಷ್ಟ್ರು ವಿವರಿಸಿದರು. ಮೋಡದಿಂದ ಮೋಡಕ್ಕೆ ಹಾರಬೇಕು. ನಗುವ ಮೋಡ ಭಾರ ತಡೆಯುತ್ತದೆ, ಆದರೆ ನಗು ಸ್ವಲ್ಪ ಹೆಚ್ಚಾದರೆ ಮರುಕ್ಷಣ ಮಾಯ. ಕೊಡೆ ಬಿಚ್ಚಿದರೆ ತೇಲಬಹುದು, ಬಿಚ್ಚಿಯೇ ಇಟ್ಟುಕೊಂಡರೆ ಗಾಳಿ ಎತ್ತಿಕೊಂಡು ಹೋಗುತ್ತದೆ. ಇಪ್ಪತ್ತು ಮೋಡ ದಾಟಿದರೆ ಕೋಟೆ. ಅಷ್ಟೇ.

"ಅಷ್ಟೇನಾ?" ಎಂದು ಡ್ರಿಲ್ ಮೇಷ್ಟ್ರು ಅಂಗಿಯ ತೋಳು ಮಡಚಿ ಆಡಲು ಕುಳಿತರು.

ಅವರ ಕಪ್ಪೆ ಎರಡನೇ ಮೋಡದಿಂದ ಕೆಳಗೆ ಬಿತ್ತು. ಅದು ಬೆವರಿದ ಬೆರಳಿನ ತಪ್ಪೆಂದರು. ಒರೆಸಿಕೊಂಡು ಕುಳಿತರು, ಮೊದಲನೆಯದರಿಂದಲೇ ಬಿತ್ತು. ಕಿಟಕಿಯ ಬೆಳಕೆಂದರು. ಕಿಟಕಿ ಮುಚ್ಚಿದ ಮೇಲೆ ಬಿದ್ದದ್ದಕ್ಕೆ ಕಾರಣ ಹುಡುಕುವ ಮೊದಲೇ ಮತ್ತೊಂದು ಸಲ ಬಿದ್ದಿತ್ತು. ಬೀಳುವಾಗ ಆ ಕಪ್ಪೆ ಕೊಡೆ ತಲೆಕೆಳಗಾಗಿ ಹಿಡಿದು, ನೋಡುವವರ ಕಡೆ ನಕ್ಕು ಬೀಳುತ್ತಿತ್ತು. ಹನ್ನೊಂದನೇ ಸಲಕ್ಕೆ ಆ ನಗು ತಮ್ಮನ್ನೇ ಕುರಿತದ್ದೆಂದು ಡ್ರಿಲ್ ಮೇಷ್ಟ್ರಿಗೆ ಖಾತ್ರಿಯಾಯಿತು. ಇಪ್ಪತ್ತೆರಡನೇ ಸಲ ಬಿದ್ದಾಗ ಎದ್ದು ನಿಂತು, ಕೊರಳಿನ ಸೀಟಿ ಸರಿಮಾಡಿಕೊಂಡು, ಯಾರೂ ಕೇಳದೆಯೇ, ಮಕ್ಕಳ ಆಟವಲ್ಲವೆಂದು ಗುಮಾಸ್ತರು ಬರೆದಿಟ್ಟಿದ್ದ ಕಾಗದದ ಮೇಲೆ ಸಹಿ ಹಾಕಿದರು.

ಅಷ್ಟು ಬೇಗ ಒಪ್ಪಿದಿರಾ ಎಂದು ವಿಜ್ಞಾನದ ಟೀಚರ್ ಕೆಣಕಿದರು.

"ಒಪ್ಪದೆ ಏನು ಮಾಡ್ಲಿ ಟೀಚರ್? ಮಕ್ಕಳ ಆಟ ಅಂದ್ರೆ ಮಕ್ಕಳ ಆಟದಲ್ಲೂ ಸೋತೋನು ಅಂತ ಆಗಲ್ವಾ?"

ಈ ಮಾತಿನ ಬಲ ಎಂಥದೆಂದು ಕಾಲು ಗಂಟೆಯಲ್ಲಿ ಎಲ್ಲರಿಗೂ ತಿಳಿಯಿತು. ವಿಜ್ಞಾನದ ಟೀಚರ್ ಗುರುತ್ವದ ನಿಯಮ ಹೇಳುತ್ತಲೇ ಐದನೇ ಮೋಡದಿಂದ ಉರುಳಿ ಸಹಿ ಹಾಕಿದರು. ಚಿತ್ರಕಲೆಯವರು ಮೋಡದ ನೆರಳನ್ನು ಮೆಚ್ಚಿಕೊಳ್ಳುತ್ತ ಕೂತು ಗಾಳಿಗೆ ಹಾರಿಹೋದರು. ಇನ್ನೂ ಮೂವರು ಅದೇ ದಾರಿ ಹಿಡಿದರು. ಗೆದ್ದು ಒಪ್ಪಿದವರು ಯಾರೂ ಇರಲಿಲ್ಲ, ಬಿದ್ದು ಒಪ್ಪಿದವರೇ ಎಲ್ಲ.

ಉಳಿದದ್ದು ಭಾಷಾ ಪಂಡಿತರು ಒಬ್ಬರು. ನಿವೃತ್ತಿಗೆ ಎರಡು ತಿಂಗಳಿತ್ತು. ಮೂಲೆಯಲ್ಲಿ ಕಣ್ಣು ಮುಚ್ಚಿ ಕೂತಿದ್ದವರು ಇಷ್ಟು ಹೊತ್ತೂ ಆಟವನ್ನು ನೋಡಿಯೇ ಇರಲಿಲ್ಲ, ಕಪ್ಪೆ ಕುಪ್ಪಳಿಸುವ ಸದ್ದನ್ನು ಕೇಳುತ್ತಿದ್ದರು. ಸಹಿ ಕೇಳಿದಾಗ, ಆಡದೆ ಹೇಗೆ ಬರೆಯಲಿ ಎಂದು ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡರು. ಯಾವುದು ಹಾರುವ ಗುಂಡಿ ಎಂದು ಕಣ್ಣು ತೆರೆಯದೆಯೇ ಬೆರಳಿನಿಂದ ತಡವಿ ತಿಳಿದುಕೊಂಡರು. ಆಮೇಲೆ ಗಂಟಲು ಸರಿಮಾಡಿಕೊಂಡು, ತಾವು ಐವತ್ತು ವರ್ಷದಿಂದ ಹಾಡುತ್ತ ಬಂದ ಭಾಮಿನಿ ಷಟ್ಪದಿಯ ನಡೆಯಲ್ಲಿ ಮೆಲ್ಲಗೆ ಎಣಿಸತೊಡಗಿದರು. ಮೂರು, ನಾಲ್ಕು. ಮೂರು, ನಾಲ್ಕು. ಮೂರಕ್ಕೆ ಒಂದು ಹಾರು, ನಾಲ್ಕಕ್ಕೆ ಒಂದು ತೇಲು. ಕಪ್ಪೆ ಒಂದೊಂದೇ ಮೋಡ ದಾಟಿತು. ಹತ್ತು, ಹದಿನೈದು, ಹತ್ತೊಂಬತ್ತು. ಸಾಲಿನ ಕೊನೆಗೆ ಬಂದಂತೆ ಪಂಡಿತರು ದನಿಯನ್ನು ಕೊಂಚ ಎಳೆದು ನಿಲ್ಲಿಸಿದರು. ಕಪ್ಪೆ ಕೋಟೆಯ ಬಾಗಿಲಲ್ಲಿ ಕೊಡೆ ಮಡಚಿ ನಿಂತಿತು.

ಗಣಿತದ ಮೇಷ್ಟ್ರು ಪರದೆಯ ಹತ್ತಿರಕ್ಕೆ ಬಾಗಿದರು. ನಾಲ್ಕು ತಿಂಗಳು ತಾವೂ ಹೆಂಡತಿಯೂ ಬಾಯಿಪಾಠ ಮಾಡಿದ ದಾರಿ ಇದು.

ಪಂಡಿತರು ಕಣ್ಣು ತೆರೆದರು. "ಇದು ಮಕ್ಕಳ ಆಟ ಅಲ್ಲಪ್ಪ. ಇದು ಛಂದಸ್ಸು. ಎಲ್ಲಿ, ಕಾಗದ ಕೊಡಿ."

ಏಳು ಸಹಿ ಹೊತ್ತ ಕಾಗದವನ್ನು ಗಣಿತದ ಮೇಷ್ಟ್ರು ಗೆದ್ದ ತಂಡದ ನಾಯಕನಂತೆ ಕಚೇರಿಗೆ ಒಯ್ದರು. ಮುಖ್ಯೋಪಾಧ್ಯಾಯಿನಿ ಒಂದೊಂದೇ ಸಹಿಯ ಕೆಳಗೆ ಬೆರಳಾಡಿಸಿದರು. ಡ್ರಿಲ್ ಮೇಷ್ಟ್ರ ಸಹಿಯ ಹತ್ತಿರ ಹುಬ್ಬು ಏರಿತು. ತಾವೂ ಒಮ್ಮೆ ನೋಡದೆ ನಿರ್ಧರಿಸುವುದು ಸರಿಯಲ್ಲ, ಯಂತ್ರವನ್ನು ಇಲ್ಲೇ ಬಿಟ್ಟು ತರಗತಿಗೆ ಹೋಗಿ ಎಂದರು.

ಆ ಮಧ್ಯಾಹ್ನ ಮೇಷ್ಟ್ರು ಪಾಠ ಮಾಡಿದರೆಂದು ಹೇಳುವುದು ಕಷ್ಟ. ಕಿಟಕಿಯಾಚೆ ಕಚೇರಿಯ ಬಾಗಿಲು ಮುಚ್ಚಿತ್ತು. ಹಾಜರಿ ಪುಸ್ತಕ ಹಿಡಿದು ಬಂದ ಗುಮಾಸ್ತರು ಹೊರಗೇ ಕಾದು ಹಿಂತಿರುಗಿದರು. ಯಾರೋ ತಂದೆ ತಾಯಿ ಭೇಟಿಗೆಂದು ಬಂದು, ನಾಳೆ ಬನ್ನಿ ಎನ್ನಿಸಿಕೊಂಡು ಹೋದರು. ಇಪ್ಪತ್ತು ವರ್ಷದಲ್ಲಿ ಒಂದು ನಿಮಿಷ ತಪ್ಪದ ಶಾಲೆಯ ಗಂಟೆ ಅಂದು ಆರು ನಿಮಿಷ ತಡವಾಗಿ ಹೊಡೆಯಿತು.

ಮೇಷ್ಟ್ರು ಒಳಗೆ ಹೋದಾಗ ಮುಖ್ಯೋಪಾಧ್ಯಾಯಿನಿಯವರ ಮುಖ ಎಂದಿನಂತೆಯೇ ಇತ್ತು. ಮುಂಗೂದಲಿನ ಒಂದು ಎಳೆ ಮಾತ್ರ ಬೆವರಿಗೆ ಹಣೆಗಂಟಿತ್ತು. ಕಾಗದದ ಮೇಲೆ ಎಂಟನೆಯ ಸಹಿ ಬಿದ್ದಿತ್ತು.

"ನೀವು ಹೇಳಿದ್ದು ನಿಜ ಮೇಷ್ಟ್ರೇ. ಇದು ಮಕ್ಕಳ ಕೈಲಿ ಆಗೋ ಕೆಲಸ ಅಲ್ಲ. ಜಪ್ತಿ ಪುಸ್ತಕದಲ್ಲಿ ತಿದ್ದಿಸಿದೀನಿ. ದೊಡ್ಡವರ ವಸ್ತು ಅಂತ."

ಮೇಷ್ಟ್ರ ಕಣ್ಣು ತುಂಬಿ ಬಂತು. ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಇಂಥ ನ್ಯಾಯ ಸಿಕ್ಕಿರಲಿಲ್ಲ. ಮನೆಗೆ ಹೋಗಿ ಹೆಂಡತಿಗೆ ಇದನ್ನು ಯಾವ ಮಾತಿನಲ್ಲಿ ಹೇಳುವುದೆಂದು ಯೋಚಿಸುತ್ತಲೇ ಕೈ ಚಾಚಿದರು.

ಮುಖ್ಯೋಪಾಧ್ಯಾಯಿನಿ ಯಂತ್ರವನ್ನು ಕೊಡಲಿಲ್ಲ. ಕಪಾಟಿನಿಂದ ನಿಯಮಗಳ ಪುಸ್ತಕ ತೆಗೆದು ಒಂದು ಪುಟ ತೋರಿಸಿದರು. ಮಕ್ಕಳ ಆಟಿಕೆಗೆ ಚೀಟಿ ಸಾಕು. ಶಾಲೆಯೊಳಗೆ ಸಿಕ್ಕ ದೊಡ್ಡವರ ವಸ್ತು, ಅದು ಸಿಗರೇಟೇ ಇರಲಿ ಇಸ್ಪೀಟೇ ಇರಲಿ, ಹಿಂತಿರುಗಿಸುವ ಹಾಗಿಲ್ಲ. ಶಾಲೆಯ ಮುಖ್ಯಸ್ಥರು ಸ್ವತಃ ಪೂರ್ತಿ ಪರಿಶೀಲಿಸಿ, ವರದಿ ಬರೆದು ಮೇಲಿನ ಕಚೇರಿಗೆ ಕಳಿಸತಕ್ಕದ್ದು. ಎರಡು ತಿಂಗಳು ಹಿಡಿಯಬಹುದು.

"ಮೇಡಂ," ಎಂದು ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದರು. "ಆ ಚೀಟಿಗೆ ಈಗ್ಲೇ ಸಹಿ ಹಾಕ್ತೀನಿ. ಮಕ್ಕಳ ಆಟಿಕೆ ಅಂತಲೇ ಇರ್ಲಿ."

"ಎಂಟು ಜನ ಬರೆದುಕೊಟ್ಟಿದೀವಲ್ಲ. ಅಷ್ಟೂ ಜನರನ್ನ ಸುಳ್ಳರು ಮಾಡೋಕಾಗುತ್ತಾ?"

ಅವರು ಎದ್ದು ಮೇಜಿನ ಖಾನೆಗೆ ಬೀಗ ಹಾಕಿದರು. ಯಂತ್ರವನ್ನು ಕರವಸ್ತ್ರದಲ್ಲಿ ಸುತ್ತಿ, ತಮ್ಮ ಕೈಚೀಲದಲ್ಲಿ ಕನ್ನಡಕದ ಡಬ್ಬಿಯ ಪಕ್ಕ ಜೋಪಾನವಾಗಿ ಇಟ್ಟುಕೊಂಡರು. ಅರ್ಧಂಬರ್ಧ ನೋಡಿ ವರದಿ ಬರೆಯುವುದು ತಮ್ಮ ಜಾಯಮಾನವಲ್ಲ, ಮನೆಯಲ್ಲಿ ಕೂತು ಪರಿಶೀಲಿಸಬೇಕು ಎಂದರು.

ಬಾಗಿಲವರೆಗೆ ಹೋದ ಮುಖ್ಯೋಪಾಧ್ಯಾಯಿನಿ ತಿರುಗಿ ಬಂದು, ಹೊರಗೆ ಯಾರಿಗೂ ಕೇಳದಂತೆ ದನಿ ತಗ್ಗಿಸಿದರು.

"ಆ ಕೋಟೆ ಬಾಗಿಲು ಇಬ್ಬರು ನಿಂತ್ರೆ ಮಾತ್ರ ತೆರೆಯೋದು, ಅಲ್ವಾ ಮೇಷ್ಟ್ರೇ? ಬೇಗ ಮನೆಗೆ ಬನ್ನಿ ಅಂತ ನಮ್ಮ ಯಜಮಾನರಿಗೆ ಆಗ್ಲೇ ಫೋನ್ ಮಾಡಿಬಿಟ್ಟೆ."